ಬ್ಯಾನರಿಗೆ ಬಾರದ ಮಾತು

ಅಕ್ಕ,

ಸ್ತನ ಕ್ಯಾನ್ಸರ್ ತಪಾಸಣೆಯ ನೆರವಿಗೆಂದು ಆದೋನಿಯಿಂದ ಆಲೂರಿಗೆ ಹೊರಟ ಸೈಕಲ್ ಜಾಥಾ ಮುಗಿಸಿದೆ. ಕಾಲು ನೋಯುತ್ತಿದೆ, ಮಿಕ್ಕಂತೆ ಆರಾಮ.

ಜಾಥಾ ಸಮಿತಿಯ ಅಧ್ಯಕ್ಷರು ಹತ್ತಿ ವ್ಯಾಪಾರಿ ಮರಿಬಸಪ್ಪನವರು. ಸಮಿತಿಯ ಹನ್ನೊಂದು ಮಂದಿಯೂ ಗಂಡಸರೇ. "ಬಜಾರದಾಗ ಆ ಮಾತು ಹೆಂಗ ಬರಸೋದ್ರಿ?" ಎಂದು ನಾಚಿ, ಬ್ಯಾನರಿನಲ್ಲಿ 'ಎದೆರೋಗ ತಪಾಸಣೆ' ಎಂದು ಬರೆಸಿದ್ದರು. ಆಲೂರಿನ ಶಿಬಿರದಲ್ಲಿ ನೋಡಿದರೆ ಬೀಡಿ ಸೇದಿ ಕೆಮ್ಮುವ ಗಂಡಸರದೇ ಸಾಲು, ಅಂಗಿಯ ಗುಂಡಿ ಬಿಚ್ಚಿಕೊಂಡು ನಿಂತಿದ್ದಾರೆ. ಹೆಂಗಸರು ಒಬ್ಬರೂ ಇಲ್ಲ. ಅಧ್ಯಕ್ಷರು ಆ ಸಾಲಿನ ಮುಂದೆಯೇ ಫೋಟೋ ತೆಗೆಸಿಕೊಂಡರು.

ಸ್ತನ ಕ್ಯಾನ್ಸರಿಗೇ ಆಪರೇಷನ್ ಆಗಿ ಬದುಕಿರುವ ಅಧ್ಯಕ್ಷರ ದೊಡ್ಡಕ್ಕ ವೀರಬಸಮ್ಮ ಮೈಕು ಕಸಿದುಕೊಂಡರು. "ಮೊಲೆ ಅಂತ ಬರಸೋ ಮರಿಬಸಪ್ಪ. ಹಾಲು ಕುಡಿಯುವಾಗ ಇಲ್ಲದ ನಾಚಿಕಿ ಬರಸುವಾಗ ಎಲ್ಲಿಂದ ಬಂತು?" ಗಂಡಸರ ಸಾಲು ಕರಗಿತು. ಆಮೇಲೆ ಒಬ್ಬೊಬ್ಬರಾಗಿ ಹೆಂಗಸರು ಬಂದರು.

ಮೊನ್ನೆ ನೀನೂ 'ಅಲ್ಲೊಂದು ಗಂಟು' ಎಂದು ಪಿಸುಗುಟ್ಟಿ ಫೋನ್ ಇಟ್ಟುಬಿಟ್ಟೆ. ಮೊಲೆಯಲ್ಲಿ ಗಂಟು, ಅಕ್ಕ. ಸೋಮವಾರವೇ ಡಾಕ್ಟರಿಗೆ ತೋರಿಸು. ಬೇಕೆಂದೇ ಕವರು ಬಿಟ್ಟು ಕಾರ್ಡಿನಲ್ಲಿ ಬರೆದಿದ್ದೇನೆ. ನೀನು ಬಚ್ಚಿಡುವ ಮೊದಲೇ ಪೋಸ್ಟ್‌ಮ್ಯಾನ್ ಓದಿ ಭಾವನಿಗೆ ಹೇಳಲಿ.

ನಿನ್ನ ಗಂಗೋತ್ರಿ