ಅಪ್ಪನ ತಲೆಯೊಳಗಿನ ಚಿತ್ರ

ಸರಗೂರು
9 ಫೆಬ್ರುವರಿ 2025

ಪ್ರೀತಿಯ ಮೀನಕ್ಕಾ,

ಹೇಗಿದ್ದೀಯಾ? ಕಡೆಯ ಸಲ ಫೋನು ಮಾಡಿದಾಗ ಭಾವನಿಗೆ ಸೊಂಟನೋವು ಅಂದಿದ್ದೆ, ಈಗ ವಾಸಿಯಾ? ಮಗಳ ಹತ್ತಿರ ಕನ್ನಡ ಆಡುತ್ತೀಯೋ, ಬರೀ ಮಲಯಾಳವೋ? ನಿನ್ನ ಹಳೇ ನಂಬರಿಗೆ ಕರೆ ಹೋಗುತ್ತಿಲ್ಲ. ಮಾನಂದವಾಡಿಯ ಈ ವಿಳಾಸ ಕೊಟ್ಟಿದ್ದು ಅಮ್ಮ.

ನಾನು ಪುಣೆಯ ಲ್ಯಾಬಿಗೆ ರಜೆ ಹಾಕಿ ಬಂದಿದ್ದೇನೆ. ಸಂಕ್ರಾಂತಿಗೆ ಮುಂಚಿನಿಂದಲೇ ಅಪ್ಪನಿಗೆ ಮಾತು ತಪ್ಪುತ್ತಿದೆ. ಅಂಗಡಿಯಲ್ಲಿ ಬೆಲ್ಲ ಕೇಳಿದವರಿಗೆ ಬೆಲ್ಲವನ್ನೇ ತೂಗುತ್ತಾರೆ, ಬಾಯಲ್ಲಿ ಮಾತ್ರ 'ಬೀಗ' ಅನ್ನುತ್ತಾರೆ. ಗಿರಾಕಿ ನಕ್ಕರೆ ಸಿಟ್ಟು. ಆ ಸಿಟ್ಟು ನಿನಗೆ ಗೊತ್ತೇ ಇದೆ. ಹೊಸ ಹಲ್ಲುಸೆಟ್ಟಿನ ತೊಂದರೆ ಅಂತ ಅಮ್ಮ ಸುಮ್ಮನಿದ್ದಳು. ಆಮೇಲೆ ಬಲಗೈ ಸೋತು ತೂಕದ ಕಲ್ಲು ಕಾಲ ಮೇಲೆ ಬಿತ್ತು. ಶುಕ್ರವಾರ ಮೈಸೂರಿಗೆ ಎಂಆರ್‌ಐ ಸ್ಕ್ಯಾನಿಗೆ ಕರೆದುಕೊಂಡು ಹೋದೆವು.

ಬೆಂಚಿನ ಮೇಲೆ ಕಾಯುತ್ತಾ ಕೂತಾಗ, ಪದಗಳಿಗೆ ತಡಕಾಡುತ್ತಾ ಕೇಳಿದರು: "ಅಲ್ಲಿ ನೀ ಮಾಡದೇನವ್ವ? ಯಾರಾರ ಕೇಳಿದ್ರೆ ಯೋಳಕ್ಕೆ ಬರಲ್ಲ ನಂಗೆ." ಕಣ್ಣಿಗೆ ಕಾಣದಷ್ಟು ಚಿಕ್ಕ ಅರೆವಾಹಕದ ಕಣದಲ್ಲಿ, ಅಂದರೆ ಕ್ವಾಂಟಮ್ ಡಾಟಿನಲ್ಲಿ, ಒಂದೇ ಒಂದು ಎಲೆಕ್ಟ್ರಾನ್ ಕೂಡಿಹಾಕುತ್ತೇವೆ ಅಂದೆ. ಅದಕ್ಕೆ ಸ್ಪಿನ್ ಅಂತ ಒಂದು ಗುಣ, ದಿಕ್ಸೂಚಿಯ ಮುಳ್ಳಿನ ಹಾಗೆ; ಅದನ್ನು ಒಂದು ದಿಕ್ಕಿಗೆ ನಿಲ್ಲಿಸಿದರೆ ಮಾಹಿತಿ ಇಡಬಹುದು. ಆದರೆ ಅದರ ಸುತ್ತ ಲಕ್ಷಾಂತರ ನ್ಯೂಕ್ಲಿಯಸ್‌ಗಳು, ಅವಕ್ಕೂ ಸ್ಪಿನ್ ಉಂಟು. ಒಂದೊಂದರ ಎಳೆತ ಲೆಕ್ಕಕ್ಕಿಲ್ಲ. ಎಲ್ಲ ಸೇರಿ ಎಳೆದರೆ ರೆಪ್ಪೆ ಮಿಟುಕಿಸುವುದರೊಳಗೆ ಎಲೆಕ್ಟ್ರಾನ್ ತನ್ನ ದಿಕ್ಕು ಮರೆತಿರುತ್ತದೆ. "ಮರ್ತೋದ್ನ ವಾಪಸ್ ತರಕ್ಕಾಯ್ತದಾ?" ಅಂದರು. ಆ ನ್ಯೂಕ್ಲಿಯಸ್‌ಗಳು ಬದಲಾಗುವುದು ನಿಧಾನ, ಅಷ್ಟರೊಳಗೆ ಎಲೆಕ್ಟ್ರಾನನ್ನು ತಿರುಗಿಸಿಬಿಟ್ಟರೆ ಒಂದಷ್ಟು ಮರಳುತ್ತದೆ, ತಡವಾದರೆ ಇಲ್ಲ ಅಂದೆ. ಅಪ್ಪ ತಲೆ ಆಡಿಸಿದರು.

ಅವರನ್ನು ಮಲಗಿಸಿ ಒಳಗೆ ತಳ್ಳಿದ ಆ ಯಂತ್ರ ನಡೆಯುವುದೂ ನ್ಯೂಕ್ಲಿಯಸ್‌ಗಳ ಸ್ಪಿನ್ನಿನಿಂದಲೇ ಅಕ್ಕಾ, ನಮ್ಮ ಮೈಯ ನೀರಿನಲ್ಲಿರುವ ಹೈಡ್ರೋಜನ್ನಿನದು. ಲ್ಯಾಬಿನಲ್ಲಿ ನಾನು ವರ್ಷಗಟ್ಟಲೆ ಶಪಿಸಿದ್ದು ಇಂಥವನ್ನೇ. ಇಲ್ಲಿ ಅವೇ ಅಪ್ಪನ ತಲೆಯನ್ನು ಪದರಪದರವಾಗಿ ತೋರಿಸಿದವು. ಡಾಕ್ಟರ್ ಬಾಯಿ ತೆರೆಯುವ ಮೊದಲೇ ನನಗೆ ಕಂಡಿತು: ಎಡಗಡೆ, ನಿಂಬೆಹಣ್ಣಿನ ಗಾತ್ರ, ಬೆಳ್ಳಗೆ. ಕೆಟ್ಟ ಗಡ್ಡೆಯಂತೆ, ತೆಗೆದರೂ ಮತ್ತೆ ಬರುತ್ತದಂತೆ. ತೆಗೆಯದಿದ್ದರೆ ಅಪ್ಪ ಮಳೆಗಾಲ ಕಾಣುವುದಿಲ್ಲ. "ಗಡ್ಡೆ ಅಂದ್ರೆ ಕುರುನಾ?" ಅಂತ ಅಮ್ಮ ನನ್ನ ಕೈ ಹಿಡಿದುಕೊಂಡಳು. ಹೂಂ ಅಂದೆ.

ವಾಪಸ್ ಬರುವಾಗ ಬಸ್ಸು, ನಿಮ್ಮೂರ ದಾರಿ ಒಡೆಯುವ ಹ್ಯಾಂಡ್‌ಪೋಸ್ಟಿನಲ್ಲಿ ನಿಂತಿತ್ತು. ಅಪ್ಪ ನನ್ನ ಕಡೆ ತಿರುಗಿ "ಮೀನಾ" ಅಂದರು. ಬೆಲ್ಲ ಬೀಗ ಆದ ಹಾಗೆ ನನ್ನ ಹೆಸರೂ ತಪ್ಪಿತು ಅಂದುಕೊಂಡು "ನಾನು ಉಷಾ ಅಪ್ಪ" ಅಂದೆ. ರೇಗಿದರು. "ನೀನು ಉಷ ಅನ್ನದು ಗೊತ್ತು ಕಣವ್ವ. ದೊಡ್ಡವ್ಳ ಕೇಳ್ದೆ. ಎಲ್ಲವ್ಳೆ?" ನೀನು ಭಾವನನ್ನು ಮದುವೆಯಾಗಿ ಹೋದ ಮೇಲೆ ಅವರು ನಿನ್ನ ಹೆಸರೆತ್ತಿದ್ದು ಇದೇ ಮೊದಲು. ಅಮ್ಮ ಸೆರಗು ಬಾಯಿಗೊತ್ತಿಕೊಂಡಳು. ಸರಗೂರು ಬರುವವರೆಗೂ ಅಪ್ಪ ಕಿಟಕಿಯಾಚೆ ನೋಡುತ್ತಿದ್ದರು.

ನಿಮ್ಮೆಲ್ಲರಿಗೂ ಅಮ್ಮನ ಆಶೀರ್ವಾದ. ಭಾವನನ್ನು ಕೇಳಿದೆ ಅಂತ ಹೇಳು; ಮಗಳಿಗೆ ಚಿಕ್ಕಮ್ಮನ ಮುತ್ತು.

ನಿನ್ನ ತಂಗಿ,
ಉಷಾರಾಣಿ

ವಿ.ಸೂ.: ಇದನ್ನು ಅಮ್ಮನಿಗೂ ಹೇಳಿಲ್ಲ. 20ಕ್ಕೆ ಆಪರೇಷನ್. ಗಡ್ಡೆ ಮಾತಿನ ಜಾಗಕ್ಕೇ ಅಂಟಿದೆ, ಆಮೇಲೆ ಮಾತು ಬರುವ ಭರವಸೆ ಇಲ್ಲ ಅಂದಿದ್ದಾರೆ. ಬೈಸಿಕೊಳ್ಳುವುದಕ್ಕಾದರೂ ಅದಕ್ಕೆ ಮುಂಚೆ ಬಾ. ಕಾಡುದಾರಿಯ ಬಾವಲಿ ಚೆಕ್‌ಪೋಸ್ಟ್ ಸಂಜೆಗೆ ಮುಚ್ಚುತ್ತಾರೆ, ಬೆಳಗಿನ ಬಸ್ಸು ಹಿಡಿ. ನಿನ್ನೆಯಿಂದ ಅಪ್ಪನಿಗೆ ಅಮ್ಮನ ಹೆಸರು ಬಾಯಿಗೆ ಬರುತ್ತಿಲ್ಲ. ನಿನ್ನದು ಇನ್ನೂ ಬರುತ್ತಿದೆ.