ಸಪ್ಪೆ ಇಂಗ್ಲಿಷು

ಕತ್ರಿಗುಪ್ಪೆ

ದಿನೇಶ್ ಅವರಿಗೆ,

ನಮ್ಮ ಸ್ಪೋಕನ್ ಇಂಗ್ಲಿಷ್ ತರಗತಿಯ ಜಾಹೀರಾತಿಗೆ ನಾನು ‘ಕ್ಲಾಸಸ್ ಸ್ಟಾರ್ಟ್ ಆನ್ ಮಂಡೇ, ಎನಿಒನ್ ಕ್ಯಾನ್ ಜಾಯಿನ್’ ಎಂದು ಬರೆದುಕೊಟ್ಟಿದ್ದೆ. “ಇದೇನ್ ಮೇಡಂ, ಸಪ್ಪೆ ಇಂಗ್ಲಿಷು!” ಎಂದು ನಕ್ಕು ನೀವು ‘ಲರ್ನರ್ ಕೊಹಾರ್ಟ್ ಆನ್‌ಬೋರ್ಡಿಂಗ್ ಕಮೆನ್ಸಸ್’ ಎಂದು ಅಚ್ಚು ಹಾಕಿಸಿದಿರಿ. ಇಂಗ್ಲಿಷರೂ ಎರಡು ಸಲ ಓದಬೇಕು.

ಮೊಮ್ಮಗಳ ಟೀಚರ್ ಜೊತೆ ಮಾತಾಡಲು ಕಲಿಯಬೇಕೆಂದು ನಿನ್ನೆ ಲಕ್ಷ್ಮಿದೇವಮ್ಮ ಸೇರಲು ಬಂದರು. ಬಾಗಿಲಿಗೆ ಅಂಟಿಸಿದ್ದನ್ನು ಅಕ್ಷರ ಕೂಡಿಸಿ ಓದಿ, “ಇದು ಕಲ್ತೋರಿಗೆ ಇರೋ ಕ್ಲಾಸು, ನಂಗಲ್ಲ ಬಿಡಿ” ಎಂದು ಹೊರಟೇಬಿಟ್ಟರು. ನೀವು ಫೋನಿನಿಂದ ತಲೆಯೆತ್ತಲಿಲ್ಲ.

ನಾನು ಅವರ ಹಿಂದೆ ಓಡಿದೆ. ಸೋಮವಾರದಿಂದ ಅವರಿಗೆ ನಮ್ಮ ಮನೆಯಲ್ಲೇ ಪಾಠ. ನಿಮ್ಮಲ್ಲಿಗೆ ನಾನಿನ್ನು ಬರುವುದಿಲ್ಲ.

ಬೋರ್ಡಿನಲ್ಲಿ ನನ್ನ ಹೆಸರಿನ ಕೆಳಗೆ ‘ಲರ್ನಿಂಗ್ ಫೆಸಿಲಿಟೇಟರ್’ ಎಂದು ಬರೆಸಿದ್ದೀರಿ. ದಯವಿಟ್ಟು ಎರಡನ್ನೂ ಅಳಿಸಿ.

ಇಂತಿ,
ಮಂದಾಕಿನಿ, ಟೀಚರ್