ಒಂದು ಹಲಗೆ ಕೆಳಗೆ

ನವೆಂಬರ್ ೧೨, ಬುಧವಾರ

ಆ ಡಂಪ್ ಇನ್ನೂ ತಲೆಯಿಂದ ಇಳಿದಿಲ್ಲ. ಆಫೀಸಿನಲ್ಲಿ ಕುಸಿದುಬಿದ್ದ ಸರ್ವರಿನ ಮೆಮೊರಿಯ ನಕಲು ಅದು. ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಂ, ಕರ್ನಲ್, ಹೇಳುವ ವಿಳಾಸ ಬೇರೆ, ಮಾಹಿತಿ ನಿಜಕ್ಕೂ ಕೂತಿರುವ ಜಾಗ ಬೇರೆ. ಒಂದರಿಂದ ಇನ್ನೊಂದನ್ನು ಲೆಕ್ಕ ಹಾಕಬೇಕು. ಯಂತ್ರ ಶುರುವಾದಾಗಲೆಲ್ಲ ಕರ್ನಲ್ ಇಡಿಯಾಗಿ ಒಂದಷ್ಟು ದೂರ ಸರಿದು ಕೂರುತ್ತದೆ. ನಾನು ಹಿಂದಿನ ಸಲದ ದೂರವನ್ನೇ ಹಿಡಿದುಕೊಂಡು ಮಧ್ಯಾಹ್ನದವರೆಗೆ ಬರೀ ಕಸ ಓದಿದೆ.

ಪಕ್ಕದ ಮೇಜಿನ ಗಡ್ಡದವನು ಇಣುಕಿದ. "ಅಲ್ಲಪ್ಪಾ, ಇದು ಮಧ್ಯೆ ರೀಬೂಟ್ ಆಗಿದೆಯಲ್ಲ, ನೋಡ್ಲಿಲ್ವಾ?"

ದೂರ ಸರಿಪಡಿಸಿದೆ, ಎಲ್ಲ ಸಿಕ್ಕಿತು. ಬೇಕಾಗಿದ್ದ ಒಂದು ಪುಟ, ಮೆಮೊರಿಯ ಒಂದು ತುಂಡು, ಮಾತ್ರ ಇರಲಿಲ್ಲ. ಜಾಗ ಉಳಿಸಲೆಂದು ಡಂಪ್ ಬರೆಯುವಾಗಲೇ ಅದನ್ನು ಬಿಟ್ಟುಬಿಟ್ಟಿದ್ದಾರೆ. ವಿಳಾಸ ಸರಿಯಾಗಿದೆ, ಅಲ್ಲಿ ಏನೂ ಇಲ್ಲ. ಬೇಜಾರಾಗಬೇಕಿತ್ತು, ಆಗಲಿಲ್ಲ.

ಮನೆಗೆ ಬಂದು ಕಾಫಿಗೆ ಸಕ್ಕರೆ ತೆಗೆಯಲು ಹೋದರೆ ಕೈಗೆ ಬರೀ ಹಲಗೆ ತಗುಲಿತು. ಅಮ್ಮ ಹೋದ ಮೇಲೆ ಅಡುಗೆಮನೆ ಅಕ್ಕನದು.

"ಅಮ್ಮನ ಎತ್ತರ ನಂಗೆಲ್ಲಿದೆಯೋ? ಎಲ್ಲಾನೂ ಒಂದೊಂದು ಹಲಗೆ ಕೆಳಗಿಳಿಸಿದೀನಿ. ಹಾಗೇ ಹುಡುಕು, ಸಿಗುತ್ತೆ," ಅಂದಳು.

"ಎಲ್ಲಕ್ಕಿಂತ ಕೆಳಗಿದ್ದಿದ್ದು?"

"ಅಮ್ಮನ ಮಾತ್ರೆ ಡಬ್ಬ ತಾನೆ? ಅದನ್ನ ಇನ್ನೆಲ್ಲಿಗೆ ಇಳಿಸ್ಲಿ. ಎಸೆದೆ."

ಸರಿ ಅಂದೆ. ಕಾಫಿ ಕುಡಿದೆ, ರುಚಿ ಗೊತ್ತಾಗಲಿಲ್ಲ.

ಈಗ ಮಲಗುವ ಮುಂಚೆ, ಅಮ್ಮನ ಮಾತ್ರೆಗೆಂದು ದಿನಾ ಮಾಡುತ್ತಿದ್ದ ಹಾಗೆಯೇ ಒಂದು ಲೋಟ ನೀರು ಬಿಸಿ ಮಾಡಿಕೊಂಡು ಬಂದಿದ್ದೇನೆ. ಇಲ್ಲೇ ಮೇಜಿನ ಮೇಲಿದೆ. ಆರಿಹೋಗಿದೆ. ಇದನ್ನು ಈಗ ಎಲ್ಲಿಗೆ ಇಳಿಸಲಿ.